ಬೆಲ್ವೆಡಿಯರಿನ ಗ್ರಂಥಸೂಚಿ: ಒಂದು ಪರಿಶೀಲನೆ

ಗ್ರಂಥಸೂಚಿಯನ್ನು ವಿಮರ್ಶೆಯ ವಸ್ತುವಾಗಿ ಎತ್ತಿಕೊಳ್ಳುವ ವಾಡಿಕೆ ನಮ್ಮಲ್ಲಿ ಕಡಮೆ. ಅದು ಕೈಮರವಿದ್ದಂತೆ, ದಾರಿ ತಿಳಿದ ಮೇಲೆ ಅದರತ್ತ ತಿರುಗಿ ನೋಡುವವರು ವಿರಳ. ಆದರೂ ಕಲ್ಕತ್ತೆಯಿಂದ 1958ರಲ್ಲಿ ಹೊರಡತೊಡಗಿದ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯು ವಿಚಾರಣೆಗೆ ಅರ್ಹವಾದ ಕೃತಿ. ಸಂಸ್ಥೆಯೊಂದರಲ್ಲಿ ಜ್ಞಾನವನ್ನು ವ್ಯವಸ್ಥೆಗೊಳಿಸುವುದು ಒಂದು ಕೆಲಸ, ಆ ವ್ಯವಸ್ಥೆಯನ್ನು ಸ್ಥಾಪಕರ ಕಾಲದಿಂದಾಚೆಗೂ ನಡೆಸಿಕೊಂಡು ಬರುವುದು ಇನ್ನೊಂದು ಕೆಲಸ ಎಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. 1836ರ ಕಲ್ಕತ್ತಾ ಸಾರ್ವಜನಿಕ ಗ್ರಂಥಾಲಯದ ಮತ್ತು ಸರ್ಕಾರಿ ಕಚೇರಿಗಳ ಪುಸ್ತಕಗಳು ಕೂಡಿ, ಕರ್ಜನ್ನನ ಕಾಲದಲ್ಲಿ, 1903ರಲ್ಲಿ, ಇಂಪೀರಿಯಲ್ ಲೈಬ್ರರಿಯು ಮೆಟ್ಕಾಫ್ ಹಾಲಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದರ ಎರಡನೆಯ ಗ್ರಂಥಪಾಲರಾದ ಹರಿನಾಥ ಡೇ ಅವರು ಬಹುಭಾಷಾಕೋವಿದರು. 1911ರಲ್ಲಿ, ಇನ್ನೂ ಮೂವತ್ತನಾಲ್ಕರ ಪ್ರಾಯದಲ್ಲಿ, ಅವರು ತೀರಿಕೊಂಡಾಗ ಅವರ ಭಾಷಾಜ್ಞಾನವೂ ಅವರೊಡನೆಯೇ ಹೋಯಿತು. ವ್ಯಕ್ತಿಯ ಪಾಂಡಿತ್ಯವು ಸಂಸ್ಥೆಯ ಸ್ವತ್ತಾಗುವ ಬಗೆ ಹೇಗೆಂಬ ಪ್ರಶ್ನೆಯನ್ನು ಆ ಮರಣವೇ ಎತ್ತಿತ್ತೆನ್ನಬಹುದು. ಉತ್ತರಕ್ಕೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

1948ರಲ್ಲಿ ಗ್ರಂಥಾಲಯದ ಹೆಸರು ರಾಷ್ಟ್ರೀಯ ಗ್ರಂಥಾಲಯವೆಂದು ಬದಲಾಯಿತು. 1953ರ ಫೆಬ್ರವರಿ 1ರಂದು ಮೌಲಾನಾ ಆಜಾದರು ಅದನ್ನು ಬೆಲ್ವೆಡಿಯರ್ ಭವನದಲ್ಲಿ ಸಾರ್ವಜನಿಕರಿಗೆ ತೆರೆದರು. ಆಗಿನ ಗ್ರಂಥಪಾಲರು ಬಿ. ಎಸ್. ಕೇಶವನ್, ಎಂದರೆ ಬಳ್ಳಾರಿ ಶಾಮಣ್ಣ ಕೇಶವನ್. ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. 1954ರ ಗ್ರಂಥಾರ್ಪಣ ಕಾಯಿದೆಯ ಪ್ರಕಾರ ಪ್ರತಿಯೊಬ್ಬ ಪ್ರಕಾಶಕನೂ ಪುಸ್ತಕ ಹೊರಬಂದ ಮೂವತ್ತು ದಿನಗಳೊಳಗೆ, ತನ್ನ ಖರ್ಚಿನಲ್ಲಿ, ಒಂದು ಪ್ರತಿಯನ್ನು ಕಲ್ಕತ್ತೆಗೆ ಕಳುಹಿಸಬೇಕಾಯಿತು. ಹೀಗೆ ಬಂದು ಸೇರಿದ ಪುಸ್ತಕಗಳೇ ಸೂಚಿಗೆ ಆಧಾರ.

ಸೂಚಿಯ ಹಿರಿಮೆಯು ಅದರ ವಿನ್ಯಾಸದಲ್ಲಿದೆ. ಇಂಗ್ಲಿಷೂ ಸೇರಿ ಹದಿನಾಲ್ಕು ಭಾಷೆಗಳ ಪುಸ್ತಕಗಳನ್ನು ಒಂದೇ ವಿಷಯಕ್ರಮದಲ್ಲಿ, ಡ್ಯೂಯಿಯ ದಶಮಾಂಶ ಪದ್ಧತಿಯಂತೆ, ಅಳವಡಿಸಲಾಯಿತು. ರಂಗನಾಥನ್ ಅವರ ಕೋಲನ್ ಸಂಖ್ಯೆಯನ್ನೂ ಕೊಡಲಾಯಿತು. ಬೇಸಾಯವನ್ನು ಕುರಿತ ಕನ್ನಡ ಪುಸ್ತಕವು ತನ್ನ ತಮಿಳು, ಬಂಗಾಳಿ ಸೋದರರ ಪಕ್ಕದಲ್ಲಿಯೇ ಕುಳಿತುಕೊಳ್ಳುವ ಸೌಭಾಗ್ಯ ಅದಕ್ಕೆ ಮುಂಚೆ ಇಂಥ ಪ್ರಮಾಣದಲ್ಲಿ ಒದಗಿರಲಿಲ್ಲ. ಈ ಸೌಭಾಗ್ಯಕ್ಕೆ ತೆತ್ತ ಬೆಲೆ ರೋಮನ್ ಲಿಪಿ. ಚುಕ್ಕೆ, ಗೆರೆಗಳನ್ನು ಹೊತ್ತ ಅಕ್ಷರಗಳಲ್ಲಿ ಕನ್ನಡ ಹೆಸರು ನಿಖರವಾಗಿ ಉಳಿಯುತ್ತದೆ ನಿಜ. ಆದರೆ ಕನ್ನಡವೊಂದನ್ನೇ ಬಲ್ಲ ಓದುಗನಿಗೆ ತನ್ನ ಭಾಷೆಯ ಪುಸ್ತಕವೇ ಪರಕೀಯವಾಗಿ ಕಾಣುತ್ತದೆ. ಏಕಕ್ರಮದ ಲಾಭವನ್ನು ತೂಗಿ ನೋಡಿದರೆ ಕೇಶವನ್ ಅವರ ನಿರ್ಧಾರವೇ ಸರಿಯೆನಿಸುತ್ತದೆ. ಪಠ್ಯಪುಸ್ತಕಗಳ ಕೀಲಿಕೈಗಳನ್ನು, ಕ್ಷಣಿಕ ಮುದ್ರಣಗಳನ್ನು ಕೈಬಿಟ್ಟದ್ದೂ ಉಚಿತವೇ. (ಆ ಕ್ಷಣಿಕ ಕರಪತ್ರಗಳಿಗಾಗಿ ಮುಂದಿನ ಸಂಶೋಧಕರು ಹಲುಬುವುದು ಬೇರೆ ಮಾತು.)

ಇಷ್ಟು ಸ್ಥಾಪನೆಯ ಮಾತಾಯಿತು. ತೊಡಕು ಬಂದುದು ನಡೆಸಿಕೊಂಡು ಹೋಗುವುದರಲ್ಲಿ. ಆರಂಭದಲ್ಲಿ ತ್ರೈಮಾಸಿಕವಾಗಿದ್ದು 1964ರಿಂದ ಮಾಸಿಕವಾದ ಸೂಚಿಯು 1970ರ ದಶಕದಲ್ಲಿ ಕಾಲಕ್ಕೆ ಬಹಳ ಹಿಂದುಳಿಯಿತು. ತಡವಾದ ಸೂಚಿ ಚರಿತ್ರಕಾರನಿಗೆ ಒದಗೀತು. ಹೊಸ ಪುಸ್ತಕವನ್ನು ಕೊಳ್ಳಬೇಕಾದ ಗ್ರಂಥಪಾಲನಿಗೆ ಅದರಿಂದೇನು?

ಕಾರಣವನ್ನು ಹಣದ ಕೊರತೆಯಲ್ಲಿ ಮಾತ್ರ ಹುಡುಕುವುದು ಸಾಲದು. ಜಪಾನಿನ ನೊನಾಕಾ, ತಕೆಯುಚಿ ಎಂಬ ವಿದ್ವಾಂಸರು 1995ರ ತಮ್ಮ ಗ್ರಂಥದಲ್ಲಿ, ಅನುಭವಿಯ ಒಳಗೇ ಅಡಗಿರುವ ಅರಿವನ್ನು ಬರೆಹಕ್ಕೆ ತರುವುದೂ ಬರೆಹವನ್ನು ಮತ್ತೆ ಅನುಭವಕ್ಕೆ ಇಳಿಸುವುದೂ ಸಂಸ್ಥೆಯ ಬಾಳಿಗೆ ಮುಖ್ಯವೆಂದು ವಾದಿಸಿದರು. ಸೂಚಿಕಾರನ ಮೇಜಿನ ಮೇಲೆ ಈ ವಾದವು ಪ್ರತ್ಯಕ್ಷವಾಗುತ್ತದೆ. 'ಆನಂದ' ಎಂದರೆ ಅಜ್ಜಂಪುರ ಸೀತಾರಾಂ, 'ಆನಂದಕಂದ' ಎಂದರೆ ಬೆಟಗೇರಿ ಕೃಷ್ಣಶರ್ಮರು; ಮಾಸ್ತಿ ಎಂಬುದು ಊರಿನ ಹೆಸರಾದರೂ ಕನ್ನಡಿಗನು ಆ ಲೇಖಕರನ್ನು ಹುಡುಕುವುದು ಅದರಡಿಯಲ್ಲಿಯೇ, ಅಯ್ಯಂಗಾರ್ ಎಂಬುದರಡಿಯಲ್ಲಲ್ಲ. ಮುಖಪುಟ ಇದನ್ನೆಲ್ಲ ಹೇಳಿಕೊಡುವುದಿಲ್ಲ. ಗಂಗೆಯ ತಡಿಯಲ್ಲಿ ಕುಳಿತು ಇದನ್ನು ಬಲ್ಲವನು ಬೇಕು. ಅವನು ನಿವೃತ್ತನಾಗುವ ಮುನ್ನ ಇನ್ನೊಬ್ಬನು ಅವನ ಪಕ್ಕದಲ್ಲಿ ಕೆಲವು ವರ್ಷ ಕುಳಿತಿರಬೇಕು. ಸ್ಥಾನ ತೆರವಾದ ಮೇಲೆ ನೇಮಕವಾಗುವ ಪದ್ಧತಿಯಲ್ಲಿ ಈ ಜೊತೆಗೂಡುವಿಕೆಗೇ ಎಡೆಯಿಲ್ಲ.

ಬ್ಯಾಂಕಿನ ಹಳೆಯ ಖಾತೆಪುಸ್ತಕಗಳೊಡನೆ ಹೋಲಿಸಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ಕೈಬರೆಹದ ಕಾಲದಲ್ಲಿ ಜಮಾಖರ್ಚು ತಾಳೆಯಾಗದೆ ಗುಮಾಸ್ತನ ದಿನ ಮುಗಿಯುತ್ತಿರಲಿಲ್ಲ. ಆ ಪುಸ್ತಕಗಳ ಕ್ರಮವನ್ನು ಕಾಪಾಡಿದುದು ಆ ನಿರ್ಬಂಧ. ಗುಮಾಸ್ತನ ಜ್ಞಾನಪ್ರೇಮಕ್ಕೆ ಅದರಲ್ಲಿ ಪಾತ್ರ ಅಲ್ಪ. ಸೂಚಿಗೆ ಅಂಥ ನಿರ್ಬಂಧವಿರಲಿಲ್ಲ: ಒಂದು ಪುಸ್ತಕ ಸೇರದೆ ಹೋದರೆ ಆ ಸಂಜೆ ಯಾರ ಲೆಕ್ಕವೂ ತಪ್ಪುವುದಿಲ್ಲ.

ಪ್ರಕಾಶಕನ ಕಡೆಯಿಂದ ನೋಡಿದರೂ ಇದೇ ಸ್ಥಿತಿ. 1954ರ ಕಾಯಿದೆಯು ತಪ್ಪಿತಸ್ಥನಿಗೆ ಗೊತ್ತುಮಾಡಿದ ದಂಡ ಹೆಚ್ಚೆಂದರೆ ಐವತ್ತು ರೂಪಾಯಿ, ಜೊತೆಗೆ ಪುಸ್ತಕದ ಬೆಲೆ. ಆ ಕಾಲಕ್ಕೆ ಅದು ಭಾರವಾಗಿದ್ದಿರಬಹುದು; ಕಾಲಕ್ರಮದಲ್ಲಿ ರೂಪಾಯಿಯೇ ಹಗುರವಾಗಿ ದಂಡವು ಹೆಸರಿಗೆ ಮಾತ್ರ ಉಳಿಯಿತು. ಹಾಗಿರಲು ಧಾರವಾಡದ ಪ್ರಕಾಶಕನೊಬ್ಬನು ಸ್ವಂತ ಖರ್ಚಿನಲ್ಲಿ ಬೆಲ್ವೆಡಿಯರಿಗೆ ಕಟ್ಟು ಕಳುಹಿಸಬೇಕಾದರೆ, ತನ್ನ ಪುಸ್ತಕವು ಅಲ್ಲಿ ಸೂಚಿತವಾಯಿತೆಂಬ ಸುದ್ದಿಯಾದರೂ ಅವನಿಗೆ ಸಕಾಲದಲ್ಲಿ ಮರಳಿ ಮುಟ್ಟಬೇಕು. ಕಾಯಿದೆಯಂತೆ ಅವನಿಗೆ ಸಲ್ಲುವುದು ಪುಸ್ತಕ ತಲುಪಿದ ರಸೀದಿ ಮಾತ್ರ.