ಐದು ಡಾಲರಿನ ಹಾಡು

ರಾಕ್ ಸಂಗೀತದಲ್ಲಿ ಸಮಾಜದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಆ ಸಿಟ್ಟನ್ನೇ ಟೀ ಶರ್ಟಿನ ಮೇಲೆ ಅಚ್ಚುಹಾಕಿಸಿ ಸಭಾಂಗಣದ ಬಾಗಿಲಲ್ಲಿ ಮಾರುವುದು ಇನ್ನೂ ಸುಲಭ. ವಾಷಿಂಗ್ಟನ್ ಡಿ.ಸಿ.ಯ ಫುಗಾಜಿ ಬ್ಯಾಂಡಿನವರು ಸಿಟ್ಟು ಮಾಡಿಕೊಂಡರು, ಟೀ ಶರ್ಟು ಮಾರಲಿಲ್ಲ. 1990ರಲ್ಲಿ ಬಂದ ಅವರ ‘ರಿಪೀಟರ್’ ಆಲ್ಬಮ್ ಇಂದಿಗೂ ಹುಸಿ ಅನ್ನಿಸದಿರುವುದಕ್ಕೆ ಅರ್ಧ ಕಾರಣ ಇದೇ.

ಅದನ್ನು ಹೊರತಂದದ್ದು ಡಿಸ್ಕಾರ್ಡ್ ರೆಕಾರ್ಡ್ಸ್. ಬ್ಯಾಂಡಿನ ಗಾಯಕ ಇಯಾನ್ ಮೆಕಾಯ್ ತನ್ನ ಗೆಳೆಯ ಜೆಫ್ ನೆಲ್ಸನ್ ಜೊತೆ 1980ರಲ್ಲಿ ಶುರುಮಾಡಿದ ಸಂಸ್ಥೆ ಅದು. ಅಂಚೆವೆಚ್ಚ ಸೇರಿದ ಬೆಲೆಯನ್ನು ರೆಕಾರ್ಡಿನ ಹೊದಿಕೆಯ ಮೇಲೆಯೇ ಅಚ್ಚುಹಾಕುವುದು ಅಲ್ಲಿಯ ರೂಢಿಯಾಗಿತ್ತು. ಫುಗಾಜಿಯ ಕಾರ್ಯಕ್ರಮಗಳಿಗೆ ಟಿಕೆಟ್ ಸಾಮಾನ್ಯವಾಗಿ ಐದೇ ಡಾಲರು. ಹುಡುಗರು, ದೊಡ್ಡವರು ಎನ್ನದೆ ಎಲ್ಲ ವಯಸ್ಸಿನವರಿಗೂ ಪ್ರವೇಶ. ವೇದಿಕೆಯ ಮುಂದೆ ಯಾರಾದರೂ ಪಕ್ಕದವರನ್ನು ಗುದ್ದಿ ಗಾಸಿ ಮಾಡಿದರೆ ಮೆಕಾಯ್ ಹಾಡು ನಿಲ್ಲಿಸುತ್ತಿದ್ದ. ಆಸಾಮಿಯನ್ನು ಕರೆದು, ಲಕೋಟೆಯಲ್ಲಿಟ್ಟ ಐದು ಡಾಲರನ್ನು ಕೈಗಿತ್ತು ಹೊರಗೆ ಕಳಿಸುತ್ತಿದ್ದರು. ಇದು ಗುರುಗಳ ಚಾಳಿ ಎಂದು ನಕ್ಕವರೂ ಇದ್ದಾರೆ. ನಗಲಿ, ಮುಂದಿನ ಸಾಲಿನಲ್ಲಿ ಸಿಕ್ಕಿಬಿದ್ದ ಹುಡುಗಿಗೆ ಆ ಲಕೋಟೆಯ ಬೆಲೆ ಗೊತ್ತಿತ್ತು.

ಆದರೆ ಕಡಿಮೆ ಟಿಕೆಟ್ ಇಟ್ಟವರೆಲ್ಲ ಒಳ್ಳೆಯ ಹಾಡು ಕಟ್ಟುವುದಿಲ್ಲ. ‘ರಿಪೀಟರ್’ನಲ್ಲೂ ಎಲ್ಲ ಹಾಡುಗಳ ತೂಕ ಒಂದೇ ಅಲ್ಲ. ‘ಗ್ರೀಡ್’ ಎರಡು ನಿಮಿಷವೂ ಇಲ್ಲದ ಕೂಗು. ದುರಾಸೆ ಕೆಟ್ಟದ್ದು ಎಂದು ಹೇಳಲು ಅಷ್ಟು ಗದ್ದಲ ಬೇಕಿರಲಿಲ್ಲ. ‘ಮರ್ಚಂಡೈಸ್’ ಕೂಡ ಸರಕಿನ ಮೋಹವನ್ನು ಬೈಯುವ ಹಾಡೇ, ಆದರೆ ಅದರ ಕುಣಿಸುವ ನಡೆ ಅದನ್ನು ಭಾಷಣವಾಗದಂತೆ ಕಾಪಾಡಿದೆ. ಈ ಆಲ್ಬಮ್ಮಿನ ನಿಜವಾದ ನಾಯಕ ಜೋ ಲ್ಯಾಲಿಯ ಬಾಸ್. ಗಿಟಾರುಗಳು ಚೀರುವಾಗಲೂ ಬಾಸ್ ತನ್ನ ಪಾಡಿಗೆ, ರೆಗೆಯಿಂದ ಕಲಿತ ನಿಧಾನದಲ್ಲಿ, ನೆಲ ಗಟ್ಟಿ ಮಾಡುತ್ತಿರುತ್ತದೆ. ಅದಕ್ಕೆ ತಕ್ಕಂತೆ ಬ್ರೆಂಡನ್ ಕ್ಯಾಂಟಿಯ ಡ್ರಮ್ಮು. ಗಾಯಕನಾಗಿ ಬಂದಿದ್ದ ಗೈ ಪಿಚೊಟ್ಟೊ ಇಲ್ಲಿ ಗಿಟಾರನ್ನೂ ಹಿಡಿದ. ಎರಡು ಗಿಟಾರುಗಳ ಜಗಳ–ಸಂಧಾನ ಕೇಳುವುದೇ ಒಂದು ಸುಖ.

ಶೀರ್ಷಿಕೆಯ ಹಾಡಿನ ಬೆನ್ನಿಗೆ ಆ ಕಾಲದ ವಾಷಿಂಗ್ಟನ್ ಇದೆ. ಕ್ರ್ಯಾಕ್ ಕೊಕೇನಿನ ವ್ಯಾಪಾರ ಊರನ್ನು ಹಿಂಡುತ್ತಿತ್ತು. ಅಮೆರಿಕದ ಕೊಲೆಗಳ ರಾಜಧಾನಿ ಎಂಬ ಅಡ್ಡಹೆಸರು ನಗರಕ್ಕೆ ಅಂಟಿತ್ತು. 1990ರ ಜನವರಿಯಲ್ಲಿ ಮೇಯರ್ ಮೇರಿಯನ್ ಬ್ಯಾರಿಯೇ ಮಾದಕವಸ್ತು ಪ್ರಕರಣದಲ್ಲಿ ಪೊಲೀಸರ ಕೈಗೆ ಸಿಕ್ಕ. ಈ ಹಾಡಿನಲ್ಲಿ ಮಾತಾಡುವವನು ಹೆಸರು ಕಳೆದುಕೊಂಡು ಲೆಕ್ಕದ ಅಂಕಿಯಾಗಿಬಿಟ್ಟವನು. ಗಿಟಾರು ಸಂಗೀತ ಬಿಟ್ಟು ಆಂಬ್ಯುಲೆನ್ಸಿನ ಸೈರನ್ನಿನಂತೆ ಊಳಿಡುತ್ತದೆ. ಪದಗಳು ಹೇಳದ್ದನ್ನು ಆ ಕರ್ಕಶ ಹೇಳಿಬಿಡುತ್ತದೆ.

ಇಲ್ಲೇ ನನಗೊಂದು ತಕರಾರೂ ಇದೆ. ನಗರದಲ್ಲಿ ಕೊಲೆಯಾದವರಲ್ಲಿ ಬಹುಪಾಲು ಕಪ್ಪು ಯುವಕರು. ಬ್ಯಾಂಡಿನ ನಾಲ್ವರೂ ಬಿಳಿಯರು. 1988ರಲ್ಲಿ ಬೀದಿಯಲ್ಲಿ ಕಾಟಕ್ಕೊಳಗಾದ ಹೆಣ್ಣಿನ ದನಿಯಲ್ಲಿ ‘ಸಜೆಶನ್’ ಹಾಡಿದಾಗಲೂ ಇವರು ಇದೇ ಪ್ರಶ್ನೆಯ ಮುಂದೆ ನಿಂತಿದ್ದರು: ಬೇರೆಯವರ ನೋವನ್ನು ‘ನಾನು’ ಎಂದು ಹಾಡುವ ಹಕ್ಕು ಎಲ್ಲಿಂದ ಬಂತು? ‘ರಿಪೀಟರ್’ ಇದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ. ‘ಸ್ಟೈರೋಫೋಮ್’ ಮಾತ್ರ ಅರ್ಧ ಉತ್ತರ ಕೊಡುತ್ತದೆ. ದ್ವೇಷ ಎದುರಿನವರಲ್ಲಿ ಮಾತ್ರವಲ್ಲ, ನಮ್ಮೊಳಗೂ ಇದೆ ಎಂದು ಬೆರಳನ್ನು ತಮ್ಮತ್ತ ತಿರುಗಿಸಿಕೊಂಡಾಗ ಹಾಡಿಗೆ ಬಲ ಬರುತ್ತದೆ. ಕೇಳುಗನ ಕಡೆಗಷ್ಟೇ ಬೆರಳು ತೋರಿದಲ್ಲಿ ಹಾಡು ಪೇಲವ.

ಕೊನೆಯ ಹಾಡು ‘ಶಟ್ ದ ಡೋರ್’ ಎಲ್ಲಕ್ಕಿಂತ ದೊಡ್ಡದು. ಹೆರಾಯಿನ್ ಸೇವಿಸಿ ಸತ್ತ ಹುಡುಗಿಯೊಬ್ಬಳ ಸುತ್ತ ಕಟ್ಟಿದ್ದು. ಸಂಗೀತ ತಗ್ಗಿದ ದನಿಯಲ್ಲಿ ತೆವಳುತ್ತದೆ, ಇದ್ದಕ್ಕಿದ್ದಂತೆ ಸ್ಫೋಟಗೊಳ್ಳುತ್ತದೆ, ಮತ್ತೆ ಇಂಗಿಹೋಗುತ್ತದೆ. ಇಲ್ಲಿ ಬೋಧನೆ ಇಲ್ಲ, ಮಾದಕವಸ್ತು ಬೇಡವೆಂಬ ಬುದ್ಧಿಮಾತು ಇಲ್ಲ. ಮಾದಕವಸ್ತುವನ್ನು ಮುಟ್ಟದೆ ಬಾಳುವುದನ್ನು ಹಿಂದಿನ ಬ್ಯಾಂಡಿನಲ್ಲಿ ಎತ್ತಿಹಿಡಿದಿದ್ದ ಮೆಕಾಯ್ ಇಲ್ಲಿ ಉಪದೇಶಿಸದೆ ಉಳಿದದ್ದೇ ದೊಡ್ಡ ಸಂಯಮ.

1991ರಲ್ಲಿ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಗೆದ್ದ ಮೇಲೆ ದೊಡ್ಡ ಕಂಪನಿಗಳು ಇಂಥ ಬ್ಯಾಂಡುಗಳ ಬೆನ್ನುಬಿದ್ದವು. ಫುಗಾಜಿ ಡಿಸ್ಕಾರ್ಡ್ ಬಿಟ್ಟು ಕದಲಲಿಲ್ಲ. 2011ರಿಂದ ತಮ್ಮ ನೂರಾರು ಕಾರ್ಯಕ್ರಮಗಳ ಧ್ವನಿಮುದ್ರಣಗಳನ್ನು ಅಂತರ್ಜಾಲದಲ್ಲಿ ಒಂದೊಂದಾಗಿ ಬಿಡುಗಡೆ ಮಾಡತೊಡಗಿದರು. ಕೊಳ್ಳುವವರಿಗೆ ಅವರು ಸೂಚಿಸಿದ ಬೆಲೆ ಐದು ಡಾಲರು. ಹೊಸದಾಗಿ ಕೇಳುವವರು ‘ಶಟ್ ದ ಡೋರ್’ನಿಂದ ಶುರುಮಾಡಿ, ‘ಗ್ರೀಡ್’ ಬಂದಾಗ ಎದ್ದು ಕಾಫಿ ಮಾಡಿಕೊಂಡರೂ ನಷ್ಟವಿಲ್ಲ.