ಉತ್ತರಕ್ಕೆ ಕನ್ನಡವಿದೆ, ನೋಟೀಸಿಗೆ? ಕಾಸರಗೋಡಿನ ಸ್ಥಳೀಯಾಡಳಿತ ಮತ್ತು 1969ರ ಭಾಷಾ ಕಾಯ್ದೆ

ಸಂವಿಧಾನದ 350ಎ, 350ಬಿ ವಿಧಿಗಳ ಬಗ್ಗೆ ಈಗಾಗಲೇ ಮಾತು ಬಂದಿದೆ, ಮತ್ತೆ ಎತ್ತುವುದಿಲ್ಲ. ನಾನು ನೋಡಬೇಕೆಂದಿರುವುದು ಒಂದೇ ವಾಕ್ಯವನ್ನು: 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯ 3ನೇ ಕಲಮು. ನಮ್ಮ ವೇದಿಕೆಗಳಲ್ಲಿ ಇದನ್ನು ರಕ್ಷಾಕವಚ ಅಂತ ಕರೆಯುವುದುಂಟು. ಬಿಡಿಸಿ ಓದಿದವರು ಕಡಿಮೆ.

ಅದು ಹೇಳುವುದಿಷ್ಟು. ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿನೊಂದಿಗೆ, ಇಲಾಖಾ ಮುಖ್ಯಸ್ಥರೊಂದಿಗೆ, ಹಾಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದಲ್ಲಿರುವ ರಾಜ್ಯ ಸರಕಾರದ ಸ್ಥಳೀಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು. ಉತ್ತರವೂ ಆ ಭಾಷೆಯಲ್ಲೇ ಇರತಕ್ಕದ್ದು. ನಾವು ಬರೆಯುವುದಕ್ಕೆ ‘ಬಹುದು’, ಅವರು ಉತ್ತರಿಸುವುದಕ್ಕೆ ‘ತಕ್ಕದ್ದು’. ಗಟ್ಟಿಯಾದ ಮಾತೇ.

ಆದರೆ ನೋಡಿ, ಈ ಹಕ್ಕು ಹುಟ್ಟುವುದು ನಾವು ಮೊದಲು ಬರೆದಾಗ. ಆಡಳಿತದಲ್ಲಿ ಜನರಿಗೆ ಬಿಸಿ ಮುಟ್ಟುವ ಕಾಗದಗಳೆಲ್ಲ ಹುಟ್ಟುವುದು ಆಚೆ ಕಡೆಯಿಂದ: ತೆರಿಗೆ ಬಾಕಿ, ಕಟ್ಟಡ ತೆರವು, ವಿಚಾರಣೆಯ ದಿನಾಂಕ. ಅವಕ್ಕೆ ಈ ಕಲಮಿನಲ್ಲಿ ಜಾಗವೇ ಇಲ್ಲ. ಕೇಳದೆ ಯಾರ ವಿರುದ್ಧವೂ ತೀರ್ಮಾನ ಮಾಡಬಾರದು ಎಂಬುದು ಸಹಜ ನ್ಯಾಯದ ಮೊದಲ ಪಾಠ; ನೋಟೀಸು ಕೊಡುವುದೂ ಅದಕ್ಕಾಗಿಯೇ. ಮಂಜೇಶ್ವರ ಕಡೆಯ ಎಷ್ಟೋ ಹಿರಿಯರಿಗೆ ಮಲಯಾಳ ಮಾತು ಅರ್ಥವಾಗುತ್ತದೆ, ಲಿಪಿ ಬರುವುದಿಲ್ಲ. (ಹೊರಗಿನವರಿಗೆ ಈ ವ್ಯತ್ಯಾಸ ತಿಳಿಸುವುದೇ ದೊಡ್ಡ ಕೆಲಸ.) ಅವರ ಕೈಗೆ ಬಂದ ನೋಟೀಸು ತಲುಪಿದೆಯೋ, ಇಲ್ಲವೋ? ಸಹಿ ಹಾಕಿದ ದಿನದಿಂದ ಮೇಲ್ಮನವಿಯ ಗಡುವು ಮಾತ್ರ ಓಡುತ್ತದೆ. ಅಕ್ಷಯ ಕೇಂದ್ರದಲ್ಲಿ ಯಾರಾದರೂ ಓದಿ ಹೇಳುತ್ತಾರಲ್ಲ ಅಂತ ಕೇಳುವವರಿದ್ದಾರೆ. ಹೇಳುತ್ತಾರೆ, ಅದು ಅವರ ಉಪಕಾರ. ಹಕ್ಕಲ್ಲ.

ಇನ್ನೊಂದು ಕೊರತೆ ಕಾಲದ್ದು. ‘ರಾಜ್ಯ ಸರಕಾರದ ಸ್ಥಳೀಯ ಕಚೇರಿ’ ಅಂದರೆ ವಿಲ್ಲೇಜ್ ಆಫೀಸು, ತಾಲೂಕು ಕಚೇರಿ. 73ನೇ ತಿದ್ದುಪಡಿ ಮತ್ತು 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ನಂತರ ಕಟ್ಟಡ ಪರವಾನಗಿ, ಮನೆತೆರಿಗೆ, ಜನನ ನೋಂದಣಿ ಎಲ್ಲ ಪಂಚಾಯತಿನ ಕೈಯಲ್ಲಿದೆ. ಪಂಚಾಯತು ಸರಕಾರದ ಕಚೇರಿಯಲ್ಲ, ಸ್ವತಃ ಸ್ಥಳೀಯ ಸರಕಾರ. ಅಧಿಕಾರ ಹಳ್ಳಿಗೆ ಇಳಿದದ್ದು ಒಳ್ಳೆಯದೇ ಆಯಿತು; ಕಾಯ್ದೆಯನ್ನು ಅಕ್ಷರಶಃ ಓದಿದರೆ ಭಾಷೆಯ ರಕ್ಷಣೆ ಮಾತ್ರ ಅದರ ಜೊತೆ ಇಳಿಯಲಿಲ್ಲ. ಸುತ್ತೋಲೆಗಳಿಂದ ಈ ತೂತು ಮುಚ್ಚಬಹುದು ಅನ್ನುತ್ತಾರೆ. ಸುತ್ತೋಲೆಯನ್ನು ಇನ್ನೊಂದು ಸುತ್ತೋಲೆ ಅಳಿಸುತ್ತದೆ.

1956ರ ಕೇಂದ್ರದ ಜ್ಞಾಪನಪತ್ರ ಈ ವಿಷಯದಲ್ಲಿ ಮುಂದಿತ್ತು: ಭಾಷಾ ಅಲ್ಪಸಂಖ್ಯಾತರು ಶೇಕಡ 15ರಿಂದ 20ರಷ್ಟು ಇರುವಲ್ಲಿ ಮುಖ್ಯ ನೋಟೀಸು, ನಿಯಮಗಳು ಅವರ ಭಾಷೆಯಲ್ಲೂ ಪ್ರಕಟವಾಗಲಿ ಅಂದಿತ್ತು. ಅದು ನೀತಿ, ಶಾಸನವಲ್ಲ.

ಸಿಬ್ಬಂದಿಗೆ ಕನ್ನಡ ಬರುವುದಿಲ್ಲ ಎಂಬ ಆಕ್ಷೇಪ ಇದ್ದೇ ಇದೆ. ಉತ್ತರ ಬರೆಯಲು ಅದು ತೊಡಕೇ. ನೋಟೀಸು ಹಾಗಲ್ಲ, ಅಚ್ಚಿನ ನಮೂನೆ. ಹೆಸರು, ಮೊತ್ತ, ತಾರೀಕು ತುಂಬಿಸಿದರೆ ಮುಗಿಯಿತು. ಹಾಗಾಗಿ ನಮ್ಮ ಮುಂದಿನ ಮನವಿಯಲ್ಲಿ ಕೇಳಬೇಕಾದದ್ದು 3ನೇ ಕಲಮಿಗೆ ಎರಡು ಸೇರ್ಪಡೆ: ‘ಉತ್ತರ’ದ ಜೊತೆ ‘ನೋಟೀಸು ಮತ್ತು ಆದೇಶ’, ‘ಸ್ಥಳೀಯ ಕಚೇರಿ’ಯ ಜೊತೆ ‘ಪಂಚಾಯತು, ನಗರಸಭೆ’.