ಆರು ಪದರಗಳ ಜಾಣ್ಮೆ

ಪ್ಲಾಸ್ಟಿಕ್ ಎಂದರೆ ಅಗ್ಗದ ಮಾಲು ಎಂಬ ತಾತ್ಸಾರವನ್ನು ಅಲುಗಿಸಲು ಇಂದಿನ ಕಾರುಗಳ ಪ್ಲಾಸ್ಟಿಕ್ ಇಂಧನ ಟ್ಯಾಂಕ್ ಒಂದೇ ಸಾಕು. ಅದರ ಮುಖ್ಯ ದ್ರವ್ಯವಾದ ಹೈ ಡೆನ್ಸಿಟಿ ಪಾಲಿಎಥಿಲೀನ್ ತುಕ್ಕು ಹಿಡಿಯದು, ಉಕ್ಕಿಗಿಂತ ಹಗುರ. ಹಿಂಬದಿ ಸೀಟಿನ ಕೆಳಗಿನ ಓರೆಕೋರೆ ಜಾಗಕ್ಕೂ ಹೊಂದುವಂತೆ ಅದನ್ನು ಊದಿ ರೂಪಿಸಬಹುದು. ದೊಡ್ಡ ಕೊರತೆಯೆಂದರೆ, ಪೆಟ್ರೋಲಿನ ಆವಿ ಅದರ ಮೂಲಕ ಮೆಲ್ಲನೆ ನುಸುಳಿಹೋಗುತ್ತದೆ. ಎಂಜಿನಿಯರುಗಳು ಇದಕ್ಕಾಗಿ ಗೋಡೆಯನ್ನು ದಪ್ಪಗೊಳಿಸಲಿಲ್ಲ, ಕೆಲಸವನ್ನು ಹಂಚಿದರು. ನಡುವೆ ಇವಿಒಎಚ್ ಎಂಬ ಪಾಲಿಮರಿನ ತೆಳು ಪದರ ಆವಿಯನ್ನು ತಡೆಯುತ್ತದೆ. ಅದು ಪಾಲಿಎಥಿಲೀನಿಗೆ ತಾನಾಗಿ ಅಂಟದ ಕಾರಣ ಎರಡೂ ಬದಿಗೆ ಅಂಟುಪದರ. ಒಳಗೂ ಹೊರಗೂ ಪಾಲಿಎಥಿಲೀನ್. ಆರನೆಯದು, ಕಾರ್ಖಾನೆಯಲ್ಲೇ ಕತ್ತರಿಸಿ ಉಳಿದ ಚೂರುಗಳನ್ನು ಪುಡಿಮಾಡಿ ಮತ್ತೆ ಕರಗಿಸಿದ ಪದರ. ಎಲ್ಲವೂ ಒಟ್ಟಿಗೆ ಹರಿದು ಕೆಲವೇ ಮಿಲಿಮೀಟರ್ ದಪ್ಪದ ಒಂದೇ ಗೋಡೆಯಾಗುತ್ತವೆ.

ಬೆಂಕಿಯೆದುರು ಇದು ನಿಂತೀತೇ ಎಂಬ ಶಂಕೆ ಸಹಜ. ಅದಕ್ಕೆಂದೇ ವಿಶ್ವಸಂಸ್ಥೆಯ 34ನೇ ವಾಹನ ನಿಯಮ ಪ್ಲಾಸ್ಟಿಕ್ ಟ್ಯಾಂಕನ್ನು ಉರಿಯುವ ಇಂಧನದ ಮೇಲಿಟ್ಟು ಪರೀಕ್ಷಿಸುತ್ತದೆ, ಅದು ಸೋರಬಾರದು. ಪದರಗಳು ಬೆಸೆದುಕೊಂಡಿರುವುದರಿಂದ ಹಳೆಯ ಟ್ಯಾಂಕಿನ ಮರುಬಳಕೆ ಕಷ್ಟವೆಂಬ ಆಕ್ಷೇಪ ಮಾತ್ರ ನಿಜ. ಆದರೆ ಅದು ಈ ಕಸುಬಿನ ಮುಂದಿನ ಸವಾಲೇ ಹೊರತು ಅದನ್ನು ಹೀಗಳೆಯಲು ಕಾರಣವಲ್ಲ. ಒಂದು ವಸ್ತುವಿನ ದೌರ್ಬಲ್ಯವನ್ನು ಇನ್ನೊಂದರ ಬಲದಿಂದ ತುಂಬುವ ಈ ವಿವೇಕ ಯಾವ ಲೋಹದ ಕಸುಬಿಗೂ ಕಡಿಮೆಯದಲ್ಲ.